ಸ್ಯಾಂಪಲ್ ಹಾಲಿನ ಲೆಕ್ಕ

ಕೆಲವರು ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುತ್ತಾರೆ, ಕೆಲವರು ಶಬರಿಮಲೆಗೆ. ನಾನು ಕಂಪನಿಗಳ ವಾರ್ಷಿಕ ಮಹಾಸಭೆಗೆ ಹೋಗುತ್ತೇನೆ. ಒಂದೊಂದರಲ್ಲೂ ನನ್ನದು ಹತ್ತೋ ಇಪ್ಪತ್ತೋ ಷೇರು, ಅಷ್ಟೆ. ಷೇರು ಕೊಳ್ಳುವ ಮುಂಚೆ ಆ ಕಂಪನಿಯ ಗಿರಾಕಿಯಾಗಿ ಒಂದು ದೂರು ಬರೆಯುತ್ತೇನೆ. ಮಿಕ್ಸಿ ಜಾರಿನ ರಬ್ಬರ್ ಸಡಿಲ, ಬಿಸ್ಕೆಟ್ ಪೊಟ್ಟಣದಲ್ಲಿ ಅರ್ಧ ಪುಡಿ, ಇಂಥವು. ಯಾರು ಎಷ್ಟು ದಿನಕ್ಕೆ, ಯಾವ ದನಿಯಲ್ಲಿ ಉತ್ತರಿಸುತ್ತಾರೆ ಎಂದು ನೋಡಿ ಕೊಳ್ಳುವುದೋ ಬಿಡುವುದೋ ತೀರ್ಮಾನ. ಹೀಗೆ ಮಾಡಿ ನಾನೇನೂ ಶ್ರೀಮಂತನಾಗಿಲ್ಲ. ಹೆಂಡತಿ ಅದನ್ನು ಆಗಾಗ ನೆನಪಿಸುತ್ತಿರುತ್ತಾಳೆ.

ಈ ಹುಚ್ಚಿಗೆ ತಿರುಗಾಟವೂ ಸೇರಿತ್ತು. ನೋಂದಾಯಿತ ಕಚೇರಿ ಇರುವ ಊರಲ್ಲೇ ಮಹಾಸಭೆ ನಡೆಯಬೇಕು, 21 ದಿನ ಮೊದಲೇ ನೋಟಿಸ್ ಬರಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ಟಾಟಾ ಕಾಫಿಯ ನೋಂದಾಯಿತ ಕಚೇರಿ ಕೊಡಗಿನ ಪೊಲ್ಲಿಬೆಟ್ಟದಲ್ಲಿತ್ತು. 2024ರ ಜನವರಿಯಲ್ಲಿ ಅದು ಟಾಟಾ ಕನ್ಸ್ಯೂಮರ್‌ನಲ್ಲಿ ವಿಲೀನವಾಗಿ, ಷೇರಿನ ನೆಪದಲ್ಲಿ ಕಾಫಿ ತೋಟ ನೋಡಿ ಬರುವ ಒಂದು ದಾರಿಯೂ ಮುಚ್ಚಿತು. ಅದಕ್ಕೂ ಮೊದಲೇ, 2020ರ ಕೊರೊನಾ ವರ್ಷದಿಂದ, ಹೆಚ್ಚಿನ ಸಭೆಗಳು ಕಂಪ್ಯೂಟರ್ ಪರದೆಗೆ ಹೋಗಿಬಿಟ್ಟಿದ್ದವು. ಹೆಸರು ಬರೆಸಿದರೆ ಎರಡು ಮೂರು ನಿಮಿಷ ಮಾತಾಡಲು ಬಿಡುತ್ತಾರೆ, ಆಮೇಲೆ ದನಿ ಕತ್ತರಿಸುತ್ತಾರೆ. ಕಾಫಿಯಿಲ್ಲ, ಸ್ವೀಟ್ ಬಾಕ್ಸ್ ಇಲ್ಲ. ಮೆಟ್ಟಿಲ ಬಳಿ ಅಧ್ಯಕ್ಷರನ್ನು ಅಡ್ಡಗಟ್ಟಿ ಕೇಳುವ ಸುಖವಂತೂ ಇಲ್ಲವೇ ಇಲ್ಲ.

ನಾನು ಹೀಗೆ ಗೊಣಗುವುದು ಹಾಸನದ ಚಿಕ್ಕಪ್ಪನ ಕಿವಿಗೂ ಬಿದ್ದಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಫೋನು ಬಂತು. "ಭಾನುವಾರ ನಮ್ಮ ಡೈರಿ ಸರ್ವಸದಸ್ಯರ ಸಭೆ ಐತೆ. ನಿಂಗೆ ಸಭೆ ಅಂದ್ರೆ ಆಸೆಯಲ್ವಾ ಮಗ, ಬಂದ್ಬಿಡು."

ಶನಿವಾರ ಯಶವಂತಪುರದಲ್ಲಿ ರೈಲು ಹತ್ತಿದೆ. ಕುಣಿಗಲ್ ಮೇಲಿನ ಈ ಹಳಿ 2017ರಲ್ಲಿ ಪೂರ್ತಿಯಾಗುವವರೆಗೆ ಹಾಸನಕ್ಕೆ ರೈಲಲ್ಲಿ ಹೋಗುವವರು ತುಮಕೂರು, ಅರಸೀಕೆರೆ ಸುತ್ತಿ ಹೋಗಬೇಕಿತ್ತು. ಶ್ರವಣಬೆಳಗೊಳ ಬಂದಾಗ ಡಬ್ಬಿಯ ಅರ್ಧ ಜನ ಒಂದೇ ಕಿಟಕಿಗೆ ಬಾಗಿದರು. 58 ಅಡಿಯ ಗೊಮ್ಮಟನ ತಲೆ ಕಂಡಿತು ಎಂದು ನಾನೆಂದೆ. ಎದುರಿಗಿದ್ದ ಹೆಂಗಸು ಅದು ಬಂಡೆ ಎಂದರು. ಹಾಸನದಲ್ಲಿ ಇಳಿದು ಹಳೇಬೀಡಿನ ಬಸ್ಸು ಹಿಡಿದೆ. ಚಿಕ್ಕಂದಿನಲ್ಲಿ ಈ ರಸ್ತೆಯ ಇಕ್ಕೆಲವೂ ಆಲೂಗಡ್ಡೆ. ಈಗ ಜೋಳ, ಶುಂಠಿ, ನಡುವೆ ಅಲ್ಲಲ್ಲಿ ಆಲೂಗಡ್ಡೆ.

ರಾತ್ರಿ ಚಿಕ್ಕಮ್ಮ ಡೈರಿಯ ಚೀಟಿಗಳ ಕಟ್ಟನ್ನು ತಂದು ಮುಂದಿಟ್ಟರು. ಫ್ಯಾಟ್, ಅಂದರೆ ಹಾಲಿನ ಜಿಡ್ಡು, 3.4, 3.4, 3.3, ಮತ್ತೆ 3.4. ಹಾಲಿಗೆ ಸಿಗುವ ದುಡ್ಡು ಇದರ ಮೇಲೆ.

"ಹಸು ಅದೇ, ಹುಲ್ಲು ಅದೇ, ಬೂಸ ಅದೇ. ಯುಗಾದಿಗೆ ಮುಂಚೆ 3.9 ಬರ್ತಿತ್ತು. ಯಂತ್ರ ತೋರ್ಸೋದು ಟೆಸ್ಟ್ ಮಾಡೋನಿಗೆ, ಚೀಟಿ ಕೊಡೋದು ನಂಗೆ."

"ನಾಳೆ ಸಭೇಲಿ ಕೇಳಿ ಚಿಕ್ಕಮ್ಮ."

"ಸದಸ್ಯತ್ವ ನಿಮ್ಮ ಚಿಕ್ಕಪ್ಪನ ಹೆಸ್ರಲ್ಲಿ ಐತೆ ಕಣಪ್ಪ. ನಂದು ಕರೆಯೋದು, ಹೊರೋದು."

ಚಿಕ್ಕಪ್ಪ ಟಿವಿಯ ದನಿ ಸ್ವಲ್ಪ ಹೆಚ್ಚಿಸಿದರು.

ಮರುದಿನ ಹತ್ತು ಗಂಟೆಗೆಂದಿದ್ದ ಸಭೆ ಹನ್ನೊಂದೂವರೆಗೆ ಶುರುವಾಯಿತು. ಡೈರಿಯ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿ, ಬಾಗಿಲಲ್ಲಿ ಸಹಿ ಪುಸ್ತಕ. ಸಹಿ ಹಾಕಿದವರಿಗೆ ಸ್ಟೀಲ್ ಡಬ್ಬಿಯ ಟೋಕನ್. ಡಬ್ಬಿಗಾಗಿ ಬಂದವರೇ ಜಾಸ್ತಿ ಎಂದು ಒಬ್ಬರು ನನ್ನ ಕಿವಿಯಲ್ಲಿ ಹೇಳಿದರು. ನಾನು ಸ್ವೀಟ್ ಬಾಕ್ಸಿನ ಗಿರಾಕಿ, ಏನು ಹೇಳಲಿ? ನಾನು ಸದಸ್ಯನಲ್ಲವಾದ್ದರಿಂದ ಹಿಂದೆ ಕೂರಲು ಅಡ್ಡಿಯಿಲ್ಲ, ಬಾಯಿ ಬಿಡುವಂತಿಲ್ಲ. ಕಂಪನಿ ಸಭೆಯಲ್ಲೂ ಇನ್ನೊಬ್ಬರ ಪರವಾಗಿ ಬಂದ ಪ್ರಾಕ್ಸಿ ಮಾತಾಡುವಂತಿಲ್ಲ.

ವೇದಿಕೆಯ ಮೇಲೆ ಅಧ್ಯಕ್ಷರು, ನಿರ್ದೇಶಕರು, ಹಾಸನದ ಹಾಲು ಒಕ್ಕೂಟದಿಂದ ಬಂದ ವಿಸ್ತರಣಾಧಿಕಾರಿ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳ ಹಾಲಿನ ಸಹಕಾರ ಸಂಘಗಳು ಈ ಒಂದೇ ಒಕ್ಕೂಟದ ಕೆಳಗೆ ಬರುತ್ತವೆ. ವರದಿ ಓದಿದವರನ್ನು ಆಮಂತ್ರಣದಲ್ಲಿ 'ಮುಖ್ಯ ಕಾರ್ಯನಿರ್ವಾಹಕರು' ಎಂದು ಅಚ್ಚು ಹಾಕಿದ್ದರು. ಬೆಂಗಳೂರಲ್ಲಿ ಆ ಪದವಿಗೆ ಕಾರು, ಡ್ರೈವರು, ಕೋಟಿಗಟ್ಟಲೆ ಸಂಬಳ. ಇಲ್ಲಿ ಊರವರು ಅವರನ್ನು ಕರೆಯುವುದು 'ಸೆಕ್ರೆಟ್ರಿ' ಎಂದೇ. ಬೆಳಿಗ್ಗೆ ಕ್ಯಾನು ಎತ್ತಿ ಲಾರಿಗೆ ಇಟ್ಟವರೂ ಅವರೇ.

ಹಿಂದಿನ ಸಭೆಯ ನಡಾವಳಿ, ಆಡಿಟ್ ವರದಿ, ಮುಂದಿನ ವರ್ಷದ ಅಂದಾಜು ಆಯವ್ಯಯ ಎಲ್ಲ ಓದಿ ಮುಗಿಯಿತು. ಲಾಭದಲ್ಲಿ ಕಾಲು ಭಾಗ ಆಪದ್ಧನಕ್ಕೆ, ಮಿಕ್ಕಿದ್ದರಲ್ಲಿ ಹಾಲು ಹಾಕಿದ ಲೆಕ್ಕದ ಮೇಲೆ ಬೋನಸ್. ಪ್ರತಿ ವಿಷಯಕ್ಕೂ "ಒಪ್ಪಿಗೆ" ಎಂಬ ಗೊಣಗು. ನನಗೆ ನಿದ್ದೆ ಹತ್ತುವಂತಾಯಿತು. ಆಗ ಹೆಂಗಸರ ಕಡೆಯಿಂದ ಒಬ್ಬರು ಎದ್ದರು. ಗಂಡ ತೀರಿಕೊಂಡ ಮೇಲೆ ಸದಸ್ಯತ್ವ ಅವರ ಹೆಸರಿಗೆ ಬಂದಿತ್ತಂತೆ.

"ಸೆಕ್ರೆಟ್ರಣ್ಣ, ಸ್ಯಾಂಪಲ್ ಹಾಲು ಮಾರಿದ ದುಡ್ಡು ಇನ್ನೊಂದ್ಸಲ ಓದಿ."

ಓದಿದರು.

"ದಿನಕ್ಕೆ ಎಂಟು ಲೀಟರ್ ಆಯ್ತು. ಹಾಲು ಹಾಕೋರು ನೂರಾ ಇಪ್ಪತ್ತು ಮಂದಿ. ಹೊತ್ತಿಗೆ 50 ಎಂಎಲ್ ತಗೋತೀರ. ಎರಡು ಹೊತ್ತಿಗೆ ಹನ್ನೆರಡು ಲೀಟರ್. ಇನ್ನು ನಾಲ್ಕು ಲೀಟರ್ ಯಾರು ಕುಡಿದ್ರು?"

ಫ್ಯಾಟ್ ನೋಡಲು ಪ್ರತಿಯೊಬ್ಬರ ಹಾಲಿನಿಂದ ತೆಗೆದ ಮಾದರಿಯನ್ನು ವಾಪಸ್ ಕೊಡುವ ಪದ್ಧತಿ ಇಲ್ಲಿಲ್ಲ. ಅದನ್ನು ಒಟ್ಟುಮಾಡಿ ಮಾರಿದ ಹಣ ಸಂಘದ ಆದಾಯಕ್ಕೆ ಸೇರುತ್ತದೆ. ನಾನು ಎಷ್ಟೋ ದಪ್ಪ ದಪ್ಪ ವಾರ್ಷಿಕ ವರದಿಗಳನ್ನು ತಿರುವಿದ್ದೇನೆ; ಚಮಚದಲ್ಲಿ ಅಳೆಯುವ ವಸ್ತುವಿನ ಲೆಕ್ಕ ಯಾರೂ ಕೇಳಿದ್ದು ನೋಡಿಲ್ಲ. ಸೆಕ್ರೆಟರಿ ಬೆವರಿದರು. ಎಲ್ಲರೂ ಎರಡು ಹೊತ್ತೂ ಹಾಕುವುದಿಲ್ಲ, ಬತ್ತಿದ ಹಸು ಇರುವವರು ಬರುವುದೇ ಇಲ್ಲ ಎಂದರು. ಅದು ನಿಜವೇ. "ಹಂಗಾದ್ರೆ ನೂರಾ ಇಪ್ಪತ್ತು ಅಂತ ಯಾಕೆ ಓದಿದ್ರಿ?" ಎಂದು ಆಯಮ್ಮ ಕೂತರು. ವಿಸ್ತರಣಾಧಿಕಾರಿ ಪೆನ್ನು ತೆಗೆದು ಬರೆದುಕೊಂಡರು.

ಕಂಪನಿಯಲ್ಲಿ ಹತ್ತು ಷೇರಿನವನಿಗೆ ಹತ್ತು ಮತ, ಹತ್ತು ಲಕ್ಷದವನಿಗೆ ಹತ್ತು ಲಕ್ಷ. ನನ್ನ ಪ್ರಶ್ನೆಗೆ ಅಧ್ಯಕ್ಷರು ನಗುನಗುತ್ತಾ ಉತ್ತರಿಸುತ್ತಿದ್ದುದು ಅವರ ಸಜ್ಜನಿಕೆ, ನನ್ನ ತೂಕವಲ್ಲ. ಇಲ್ಲಿ ಒಂದು ಹಸುವಿನವಳಿಗೂ ಹತ್ತು ಹಸುವಿನವನಿಗೂ ಒಂದೇ ಮತ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ಕಲಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಸಹಕಾರಿ ಅಂಗಡಿ ತೆರೆದಾಗಲೂ ಇದೇ ನಿಯಮ. ಮಿಕ್ಕ ಲಾಭವನ್ನು ಕೊಂಡಷ್ಟಕ್ಕೆ ತಕ್ಕಂತೆ ಗಿರಾಕಿಗಳಿಗೇ ಹಂಚಿದರು. ನಮ್ಮಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. ಓದಿ ಗೊತ್ತಿದ್ದ ಸಂಗತಿಗಳೇ. ಆದರೂ ಆ ಹೆಂಗಸು ಎದ್ದು ನಿಲ್ಲುವ ತನಕ ನನಗೆ ಅವು ಪರೀಕ್ಷೆಯ ಉತ್ತರಗಳಾಗಿದ್ದವು.

ಆಯಮ್ಮ ಬಾಗಿಲು ತೆಗೆದ ಮೇಲೆ ನುಗ್ಗಿದರು ಉಳಿದವರು. ಪಶು ಆಹಾರದ ಮೂಟೆ ತೂಕ ಕಮ್ಮಿ, ಡಾಕ್ಟರು ಕರೆದ ದಿನ ಬರುವುದಿಲ್ಲ. ಈ ಗದ್ದಲದ ನಡುವೆ ನಮ್ಮ ಚಿಕ್ಕಪ್ಪ ಎದ್ದು ನಿಂತಿದ್ದು ನನಗೆ ನಂಬಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಫ್ಯಾಟ್ ಯಂತ್ರದ ಮುಖ ನಮ್ಮ ಕಡೆ ತಿರುಗಿಸ್ಬೇಕು. ಮನೇಲಿ ನಂಗೆ ನೆಮ್ಮದಿ ಇಲ್ಲ" ಎಂದರು. ನಗು ಎದ್ದಿತು. ನಿರ್ಣಯವೂ ಆಯಿತು.

ಅಷ್ಟರಲ್ಲಿ ಅಧ್ಯಕ್ಷರ ಕಣ್ಣು ನನ್ನ ಮೇಲೆ ಬಿತ್ತು. "ಬೆಂಗಳೂರಿಂದ ಬಂದವ್ರೆ. ಸಾರ್, ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತಲ್ಲ, ನಿಮ್ಮ ಕಡೆ ಏನಂತಾರೆ?" ಆ ಏರಿಕೆಯ ದಿನ ನಂದಿನಿ ಬೂತಿನಲ್ಲಿ ನಿಂತು ಹತ್ತು ನಿಮಿಷ ಬೈದವನು ನಾನು. ಆ ದುಡ್ಡು ಸೇರಬೇಕಾದವರು ನೂರು ಜನ ಈಗ ಕುರ್ಚಿ ತಿರುಗಿಸಿ ನನ್ನ ಮುಖ ನೋಡುತ್ತಿದ್ದರು. "ಪರವಾಗಿಲ್ಲ, ಕೊಡಬಹುದು" ಎಂದೆ. ಚಿಕ್ಕಮ್ಮ ಹೆಂಗಸರ ಸಾಲಿನಿಂದಲೇ, "ಸುಳ್ಳು. ನಂಗೆ ಫೋನ್ ಮಾಡಿ ಬೈದಿದ್ದ" ಎಂದರು.

ಊಟಕ್ಕೆ ಅನ್ನ, ಸಾಂಬಾರು, ಶ್ಯಾವಿಗೆ ಪಾಯಸ. "ಪಾಯಸಕ್ಕೆ ಹಾಕಿದ್ದು ಆ ನಾಲ್ಕು ಲೀಟರ್ರೇ ಏನಣ್ಣ?" ಎಂದು ಬಡಿಸುವ ಹುಡುಗನನ್ನು ಪ್ರತಿ ಪಂಕ್ತಿಯಲ್ಲೂ ಕೇಳುತ್ತಿದ್ದರು. ಅವನು ಪಾಪ ಕೊನೆಗೆ ಸೌಟು ಬೇರೆಯವನ ಕೈಗೆ ಕೊಟ್ಟು ಹೋದ.

ಮಧ್ಯಾಹ್ನ ಹಳೇಬೀಡಿಗೆ ಹೋಗಿಬಂದೆ. ಮಳೆ ಹಿಡಿದುಕೊಂಡಿತು, ಹೊಯ್ಸಳೇಶ್ವರನ ಗುಡಿಯ ಗೋಡೆ ಬುಡದ ಆನೆ ಸಾಲನ್ನು ಕೊಡೆಯಡಿಯಿಂದ ನೋಡಿದ್ದಷ್ಟೆ.

ಸಂಜೆ ಆರಕ್ಕೆ ಚಿಕ್ಕಮ್ಮನ ಜೊತೆ ಕ್ಯಾನು ಹಿಡಿದು ಡೈರಿಗೆ ನಡೆದೆ. ಮಧ್ಯಾಹ್ನದ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಯಂತ್ರ ಆಗಲೇ ತಿರುಗಿತ್ತು, ಕೆಂಪು ಅಂಕಿಗಳು ನಮ್ಮ ಕಡೆಗೇ. ಆದರೆ ಅದನ್ನಿಟ್ಟಿದ್ದ ಕಟ್ಟೆ ಎತ್ತರದ್ದು. ಗಂಡಸರು ನಿಂತಲ್ಲೇ ಓದುತ್ತಿದ್ದರು. ಚಿಕ್ಕಮ್ಮ ತುದಿಗಾಲಲ್ಲಿ ನಿಂತರು, ಕಾಣಲಿಲ್ಲ. ನಾನು ಓದಿ ಹೇಳಲು ಬಾಯಿ ತೆರೆದೆ. ಅವರು ಕೈಯಲ್ಲೇ ನನ್ನನ್ನು ತಡೆದು ಪರೀಕ್ಷಕನಿಗೆ ಹೇಳಿದರು:

"ಸ್ವಲ್ಪ ತಡಿ ಮಗ. ಹೊರಗಡೆ ಎರಡು ಇಟ್ಟಿಗೆ ಅವೆ, ತಗೊಂಡ್ ಬತ್ತೀನಿ."