ಇಂಜೆಕ್ಷನ್ ರಾತ್ರಿ 10ಕ್ಕೆ, ಊರಿನ ಕೊನೆ ಬಸ್ ಸಂಜೆ 6ಕ್ಕೆ

ನಾನು ಮಡಿಕೇರಿಯಲ್ಲಿ ಹೆಂಗಸರ ಆಸ್ಪತ್ರೆಯೊಂದರಲ್ಲಿ ನರ್ಸ್. ಮಕ್ಕಳಾಗದ ತೊಂದರೆಗೆ ಬರುವ ಗಂಡ ಹೆಂಡತಿಯನ್ನು ಡಾಕ್ಟರ್ ನೋಡಿದ ಮೇಲೆ ಕೂರಿಸಿಕೊಂಡು ವಿವರಿಸುವ ಕೆಲಸ ನನ್ನದು. ಯಾವ ಮಾತ್ರೆ ಯಾವಾಗ, ಸ್ಕ್ಯಾನಿಂಗ್‌ಗೆ ಯಾವ ದಿನ ಬರಬೇಕು, ಇಂಜೆಕ್ಷನ್ ಎಲ್ಲಿ ಹಾಕಿಸಿಕೊಳ್ಳಬೇಕು, ಹೀಗೆ.

ಬರುವವರಲ್ಲಿ ತುಂಬಾ ಜನ ಮೊದಲೇ ಒಂದೆರಡು ಕಡೆ ತೋರಿಸಿರುತ್ತಾರೆ. ಮೈಸೂರು, ಮಂಗಳೂರು, ಕೆಲವರು ಬೆಂಗಳೂರು. "ಅಲ್ಲಿ ಯಾಕೆ ಬಿಟ್ರಿ?" ಅಂತ ನಾನು ಎಲ್ಲರನ್ನೂ ಕೇಳುತ್ತೇನೆ. ಮಗು ಆಗಲಿಲ್ಲ, ಅದಕ್ಕೇ ಬಿಟ್ಟೆವು ಅನ್ನುವವರು ಕಡಿಮೆ. "ಏನು ಮಾಡ್ತಿದ್ದಾರೆ ಅಂತಲೇ ನಮಗೆ ಗೊತ್ತಾಗಲಿಲ್ಲ ಸಿಸ್ಟರ್", "ಪ್ರತಿ ಸಲ ಹೋದಾಗಲೂ ಇಡೀ ದಿನ ಹೋಗ್ತಿತ್ತು, ಕೂಲಿಯೂ ಹೋಗ್ತಿತ್ತು", "ಎಲ್ಲರ ಎದುರಿಗೆ ಕೂಗಿ ಕೇಳಿದ್ರು", ಇಂಥವೇ ಜಾಸ್ತಿ. ಚಿಕಿತ್ಸೆ ಸರಿಯಾಗಿಯೇ ಇರುತ್ತದೆ. ಡಾಕ್ಟರೂ ಒಳ್ಳೆಯವರೇ. ಆದರೆ ಈ ಹೆಂಗಸು ಎಲ್ಲಿಂದ ಬಂದಳು, ಹೇಗೆ ಬಂದಳು, ಮನೆಯಲ್ಲಿ ಯಾರಿಗೆ ಗೊತ್ತು ಅಂತ ಯಾರೂ ಕೇಳಿರುವುದಿಲ್ಲ. ಅದನ್ನು ಕೇಳದೆ ಬರೆದ ಚೀಟಿ ಕೊಡಗಿನಲ್ಲಿ ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ನಾಪೋಕ್ಲು ಕಡೆಯ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇರುವವರು. ಬೇರೆ ಊರಿನ ಆಸ್ಪತ್ರೆಯಲ್ಲಿ ಅವರಿಗೆ ಐಯುಐ ಮಾಡಲು ಹೊರಟಿದ್ದರು. ಗಂಡನ ವೀರ್ಯವನ್ನು ತೊಳೆದು ಸಿದ್ಧ ಮಾಡಿ ನೇರವಾಗಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ ಅದು. ಅದಕ್ಕೆ ಮೊದಲು ಮೊಟ್ಟೆ ಬಿಡುಗಡೆ ಆಗಲಿ ಅಂತ ಎಚ್‌ಸಿಜಿ ಇಂಜೆಕ್ಷನ್ ಕೊಡುತ್ತೇವೆ. ನಾವೆಲ್ಲ ಟ್ರಿಗರ್ ಅನ್ನುವುದು ಇದಕ್ಕೇ. ಇದನ್ನು ಹಾಕಿದ ಸುಮಾರು 36 ಗಂಟೆಗೆ ಐಯುಐ ಮಾಡುವುದು ರೂಢಿ. ಆಸ್ಪತ್ರೆಯವರಿಗೆ ಬೆಳಗ್ಗೆ 10ಕ್ಕೆ ಐಯುಐ ಮಾಡುವುದು ಅನುಕೂಲ. ಹಿಂದಕ್ಕೆ ಎಣಿಸಿದರೆ ಇಂಜೆಕ್ಷನ್ ಬೀಳಬೇಕಾದದ್ದು ಎರಡು ದಿನ ಮೊದಲಿನ ರಾತ್ರಿ 10ಕ್ಕೆ. ಲೆಕ್ಕ ಸರಿ. "ರಾತ್ರಿ 10ಕ್ಕೆ ಸರಿಯಾಗಿ ಹಾಕಿಸಿಕೊಳ್ಳಿ" ಅಂತ ಡಬ್ಬಿ ಕೈಗೆ ಕೊಟ್ಟು ಕಳಿಸಿದ್ದರು.

ತೋಟದಲ್ಲಿ ರಾತ್ರಿ 10ಕ್ಕೆ ಇಂಜೆಕ್ಷನ್ ಕೊಡುವವರು ಯಾರಿದ್ದಾರೆ? ಅವರ ಊರಿಗೆ ಕೊನೆಯ ಬಸ್ ಸಂಜೆ 6ಕ್ಕೇ ಬಂದುಹೋಗುತ್ತದೆ. ಜೀಪ್ ಬಾಡಿಗೆಗೆ ಮಾಡಿಕೊಂಡು ಪೇಟೆಗೆ ಬಂದರು. ಒಂದು ಕಡೆ ಬಾಗಿಲು ಹಾಕಿತ್ತು. ಇನ್ನೊಂದು ಕಡೆ ಚೀಟಿ ಎಲ್ಲಿ ಅಂದರು. ಚೀಟಿ ಮನೆಯಲ್ಲಿ ಉಳಿದಿತ್ತು. ಕೊನೆಗೆ ಯಾರೋ ಪುಣ್ಯಾತ್ಮರು ಹಾಕಿಕೊಟ್ಟಾಗ ಮಧ್ಯರಾತ್ರಿ ಹತ್ತಿರ. ಆ ಸಲ ಗರ್ಭ ನಿಲ್ಲಲಿಲ್ಲ.

ಆಮೇಲೆ ನಮ್ಮಲ್ಲಿಗೆ ಬಂದಾಗ ಆಕೆ ಮೊದಲು ಹೇಳಿದ ಮಾತು, "ಎರಡು ಗಂಟೆ ತಡ ಮಾಡಿ ನಾನೇ ಹಾಳು ಮಾಡ್ಕೊಂಡೆ ಸಿಸ್ಟರ್." ತಿಂಗಳುಗಟ್ಟಲೆ ಅದನ್ನೇ ನಂಬಿಕೊಂಡು ಕೂತಿದ್ದರು. ಐಯುಐಗೆ ಒಂದೆರಡು ಗಂಟೆ ಆಚೀಚೆ ಆದರೆ ಅಂಥ ವ್ಯತ್ಯಾಸ ಆಗುವುದಿಲ್ಲ. ಎಲ್ಲವೂ ಸರಿಯಾಗಿ ನಡೆದರೂ ಐಯುಐ ಒಂದೇ ಸಲಕ್ಕೆ ಫಲ ಕೊಡದೆ ಹೋಗುವುದೇ ಹೆಚ್ಚು. ಮೊಟ್ಟೆಯನ್ನು ಹೊರತೆಗೆದು ಲ್ಯಾಬ್‌ನಲ್ಲಿ ವೀರ್ಯದ ಜೊತೆ ಸೇರಿಸುವ ಐವಿಎಫ್‌ನಲ್ಲಿ, ಮೊಟ್ಟೆ ತೆಗೆಯುವಾಗ ಮಾತ್ರ ಗಂಟೆ ಲೆಕ್ಕ ಬಹಳ ಬಿಗಿ. ತಡವಾಗಿ ತೆಗೆಯಲು ಹೋದರೆ ಮೊಟ್ಟೆ ಅಷ್ಟರಲ್ಲೇ ಬಿಡುಗಡೆ ಆಗಿಬಿಟ್ಟಿರಬಹುದು. ಈ ಎರಡರ ನಡುವಿನ ಫರಕನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಲು ಎರಡು ನಿಮಿಷ ಸಾಕಾಗಿತ್ತು, ಅಲ್ವಾ?

ನಮ್ಮಲ್ಲಿ ಮತ್ತೆ ಶುರು ಮಾಡುವಾಗ ಮೊದಲ ದಿನವೇ ಇಬ್ಬರನ್ನೂ ಕೂರಿಸಿ ಗಂಡನಿಗೆ ಇಂಜೆಕ್ಷನ್ ಹಾಕುವುದನ್ನು ಹೇಳಿಕೊಟ್ಟೆ. ಹೊಟ್ಟೆಯ ಚರ್ಮದ ಅಡಿಗೆ ಹಾಕುವ ಸಣ್ಣ ಸೂಜಿ ಅದು. ಹೊಕ್ಕುಳಿಂದ ಎರಡು ಮೂರು ಬೆರಳು ಪಕ್ಕಕ್ಕೆ ಸರಿದು, ಚರ್ಮವನ್ನು ಮೆಲ್ಲಗೆ ಹಿಡಿದೆತ್ತಿ, ಸೂಜಿ ನೇರವಾಗಿ ಇಳಿಸಿ, ನಿಧಾನವಾಗಿ ಒತ್ತಿ, ಒಂದು ಹತ್ತು ಎಣಿಸಿ ತೆಗೆಯುವುದು. ಮೊದಲು ಸ್ಪಂಜಿನ ಮೇಲೆ ಸಲೈನ್ ಹಾಕಿ ಅಭ್ಯಾಸ. ಅವರು ಮರಗಸಿ ಮಾಡುವವರು. ಎತ್ತರದ ಮರದ ಮೇಲೆ ನಿಂತು ಕೊಂಬೆ ಕಡಿಯುವ ಆ ಕೈ ಸೂಜಿ ಹಿಡಿದಾಗ ನಡುಗುತ್ತಿತ್ತು. ಹೆಂಡತಿ ಅವರ ಮಣಿಕಟ್ಟು ಹಿಡಿದು, "ನೀವು ಹಾಕಿ, ನನಗೆ ನೋವಾದ್ರೆ ಹೇಳ್ತೇನೆ" ಅಂದರು. ಮೂರನೇ ಸಲಕ್ಕೆ ಕೈ ಕೂತಿತು. ಆ ತಿಂಗಳು ರಾತ್ರಿ 10 ಗಂಟೆ 5 ನಿಮಿಷಕ್ಕೆ "ಆಯ್ತು ಸಿಸ್ಟರ್" ಅಂತ ಫೋನ್ ಬಂತು.

ಈಗ ನಾವು ಇಂಜೆಕ್ಷನ್ ಬರೆಯುವ ಮೊದಲೇ ಕೇಳುತ್ತೇವೆ. ಕೊಡುವವರು ಹತ್ತಿರದಲ್ಲಿ ಇದ್ದಾರಾ? ಗಂಡ ಕಲಿಯುತ್ತಾರಾ? ಇಲ್ಲದಿದ್ದರೆ ಆ ರಾತ್ರಿ ಮಡಿಕೇರಿಯಲ್ಲಿ ನೆಂಟರ ಮನೆ ಉಂಟಾ? ಏನೂ ಇಲ್ಲದಿದ್ದರೆ ಡಾಕ್ಟರ್ ಐಯುಐ ಸಮಯವನ್ನೇ ಬದಲಿಸುತ್ತಾರೆ.

ಮಳೆಗಾಲದ್ದು ಬೇರೆಯೇ ಪಾಡು. ಮೊಟ್ಟೆ ಬೆಳೆಸುವ ಇಂಜೆಕ್ಷನ್‌ಗಳಲ್ಲಿ ಬಹಳಷ್ಟನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಜುಲೈ ಆಗಸ್ಟ್‌ನಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಕೆಲವು ಊರಿಗೆ ಮೂರು ನಾಲ್ಕು ದಿನ ಬರುವುದಿಲ್ಲ. ಫ್ರಿಜ್ ಬಾಗಿಲಲ್ಲಿಟ್ಟ ಔಷಧಿ ಬೆಚ್ಚಗಾಗಿಬಿಡುತ್ತದೆ. ಹೆದರಿ ಫ್ರೀಜರ್‌ಗೆ ತಳ್ಳುವವರೂ ಇದ್ದಾರೆ. ಹೆಪ್ಪುಗಟ್ಟಿದರೂ ಔಷಧಿ ಕೆಟ್ಟಿತು. ಒಂದೊಂದು ಡಬ್ಬಿಗೆ ಸಾವಿರಗಟ್ಟಲೆ ಕೊಟ್ಟಿರುತ್ತಾರೆ. ಅದಕ್ಕೆ ಮಳೆಗಾಲದಲ್ಲಿ ನಾವು ಒಂದೇ ಸಲ ಎಲ್ಲ ಕೊಟ್ಟು ಕಳಿಸುವುದಿಲ್ಲ. ಮಿಕ್ಕದ್ದು ನಮ್ಮ ಫ್ರಿಜ್‌ನಲ್ಲೇ, ಹೆಸರು ಬರೆದು. ಎಷ್ಟು ದಿನಕ್ಕೆ ಬೇಕೋ ಅಷ್ಟನ್ನು ಐಸ್ ಪ್ಯಾಕ್ ಜೊತೆ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಕೊಡುತ್ತೇವೆ. ಐಸಿಗೆ ನೇರ ತಾಗದ ಹಾಗೆ ಮಧ್ಯೆ ಬಟ್ಟೆ ಸುತ್ತಿ.

ಮೊಟ್ಟೆ ಬೆಳವಣಿಗೆ ನೋಡುವ ಸ್ಕ್ಯಾನಿಂಗ್ ಮುಟ್ಟಾದ 9, 10ನೇ ದಿನದಿಂದ ಒಂದು ದಿನ ಬಿಟ್ಟು ಒಂದು ದಿನ ಇರುತ್ತದೆ. ಮೊಟ್ಟೆ ಮಳೆಗೆ ಕಾಯುವುದಿಲ್ಲ. ಆದರೆ ಭಾಗಮಂಡಲದ ಕಡೆ ರಸ್ತೆ ಮೇಲೆ ನೀರು ಬಂದರೆ ಆಕೆ ಹೇಗೆ ಬರುವುದು? ಸಿದ್ದಾಪುರ ಕಡೆಯವರು "ದಾರಿಯಲ್ಲಿ ಆನೆ ನಿಂತಿತ್ತು ಸಿಸ್ಟರ್" ಅಂದರೆ ಅದು ನೆಪ ಅಲ್ಲ. ನಾನು ನೋಡಿದ ಹಾಗೆ ದೊಡ್ಡ ಊರಿನ ಆಸ್ಪತ್ರೆಗಳು ಇಂಥವರನ್ನು "ಸರಿಯಾಗಿ ಫಾಲೋ ಮಾಡದ ಪೇಷಂಟ್" ಅಂತ ಬರೆದುಬಿಡುತ್ತವೆ. ಈ ಮಾತು ನನಗೆ ನಿಜವಾಗಿ ಬೇಸರ ತರಿಸುತ್ತದೆ. ವಯಸ್ಸು 26, 27 ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ದುಬಾರಿ ಚಿಕಿತ್ಸೆ ಬೇಡ, ಫೋಲಿಕ್ ಆಸಿಡ್ ಮಾತ್ರೆ ದಿನಾ ತೆಗೆದುಕೊಂಡು ಸೆಪ್ಟೆಂಬರ್‌ಗೆ ಬನ್ನಿ ಅಂತ ನಮ್ಮ ಡಾಕ್ಟರೇ ಹೇಳುತ್ತಾರೆ. ಕೊಯ್ಲಿನ ಸಮಯವೂ ಹಾಗೆಯೇ. ಕಾಫಿ ಹಣ್ಣಾಗಿ ನಿಂತಾಗ ಕಿಲೋ ಲೆಕ್ಕದಲ್ಲಿ ದುಡಿಯುವ ಹೆಂಗಸು ದಿನ ಬಿಟ್ಟು ದಿನ ಬರಲಾರಳು. ಆದರೆ 38 ದಾಟಿದವರಿಗೆ ಈ ಮಾತು ಹೇಳುವ ಹಾಗಿಲ್ಲ. 35 ದಾಟಿದ ಮೇಲೆ ಪ್ರಯತ್ನ ಶುರು ಮಾಡಿ 6 ತಿಂಗಳಾದರೂ ಆಗದಿದ್ದರೆ ತೋರಿಸಬೇಕು, ಅದಕ್ಕಿಂತ ಚಿಕ್ಕವರು ಒಂದು ವರ್ಷ ನೋಡಬಹುದು. ಹೀಗೆ ವಯಸ್ಸು ದಾಟಿದವರಿಗೆ ಮಳೆ, ಕೊಯ್ಲು ಅಂತ ಮುಂದೂಡುವುದು ತಪ್ಪು. ಮಡಿಕೇರಿಯಲ್ಲೇ ಒಂದು ವಾರ ಉಳಿಯುವ ದಾರಿ ಹುಡುಕಲು ಹೇಳುತ್ತೇವೆ.

ಇನ್ನೊಂದು ವಿಷಯ ಸಣ್ಣದು, ಆದರೆ ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಸ್ಕ್ಯಾನಿಂಗ್ ಅಂದ ಕೂಡಲೇ ಎಲ್ಲರಿಗೂ ಗೊತ್ತಿರುವುದು "ನೀರು ಕುಡಿದು ಬರಬೇಕು" ಅಂತ. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ಗೆ ಅದು ಸರಿ. ಮೊಟ್ಟೆ ನೋಡುವ ಸ್ಕ್ಯಾನಿಂಗ್ ಯೋನಿಯ ಮೂಲಕ ಒಳಗಿನಿಂದ ಮಾಡುವುದು. ಅದಕ್ಕೆ ಮೂತ್ರಚೀಲ ಖಾಲಿ ಇರಬೇಕು. ಕುಟ್ಟ, ಶ್ರೀಮಂಗಲ ಕಡೆಯಿಂದ ಎರಡು ಲೀಟರ್ ನೀರು ಕುಡಿದು, ತಿರುವು ತಿರುವಿಗೂ ಹೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ಕೂತು ಬಂದ ಹೆಂಗಸಿಗೆ ಇಲ್ಲಿ "ಟಾಯ್ಲೆಟ್‌ಗೆ ಹೋಗಿ ಬನ್ನಿ" ಅನ್ನಬೇಕಾಗುತ್ತದೆ. ಒಳಗಿನಿಂದ ಮಾಡುತ್ತಾರೆ ಅಂತಲೂ ಎಷ್ಟೋ ಜನರಿಗೆ ಮೇಜಿನ ಮೇಲೆ ಮಲಗಿದ ಮೇಲೆಯೇ ಗೊತ್ತಾಗುವುದು. ಅದನ್ನು ಹಿಂದಿನ ದಿನ ಫೋನಿನಲ್ಲೇ ಹೇಳಬಹುದು. ಪರೀಕ್ಷಿಸುವವರು ಗಂಡಸರಾದರೆ ಹೆಂಗಸೊಬ್ಬರು ಜೊತೆಗಿರಬೇಕು ಅಂತ ಕೇಳುವುದು ಪೇಷಂಟ್‌ನ ಹಕ್ಕು, ದಾಕ್ಷಿಣ್ಯದ ವಿಷಯ ಅಲ್ಲ.

ಹೆಸರು ಕೂಗುವ ವಿಷಯಕ್ಕೆ ಬರುತ್ತೇನೆ. ಕೊಡಗಿನಲ್ಲಿ ಒಬ್ಬರ ಮನೆ ಹೆಸರು ಕೇಳಿದರೆ ಸಾಕು, ಯಾವ ಊರು, ಯಾರ ಮಗಳು, ಯಾವ ಮನೆಗೆ ಕೊಟ್ಟದ್ದು ಎಲ್ಲ ತಿಳಿದುಬಿಡುತ್ತದೆ. ಆಸ್ಪತ್ರೆಯಲ್ಲಿ ಕಾಯುತ್ತಾ ಕೂತ 20 ಜನರಲ್ಲಿ ಒಬ್ಬರಾದರೂ ನೆಂಟರೋ ನೆಂಟರ ನೆಂಟರೋ ಆಗಿರುತ್ತಾರೆ. ಮನೆ ಹೆಸರು ಸೇರಿಸಿ "ಇಂಥವರು, ಐಯುಐಗೆ ಬನ್ನಿ" ಅಂತ ಕೂಗಿದರೆ ಪುತ್ತರಿ ಹಬ್ಬ ಬರುವಷ್ಟರಲ್ಲಿ ಇಡೀ ನಾಡಿಗೆ ಸುದ್ದಿ. ಆಮೇಲೆ ಮದುವೆ ಮನೆಯಲ್ಲಿ, ದೇವಸ್ಥಾನದಲ್ಲಿ, "ಏನಾದ್ರೂ ವಿಶೇಷ ಉಂಟಾ?" ಅನ್ನುವವರು. ಬರೀ ಈ ಕಾರಣಕ್ಕೆ ಸುಮ್ನೆ 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗುವವರು ಎಷ್ಟೋ ಜನ ಇದ್ದಾರೆ. ನಾವು ಟೋಕನ್ ನಂಬರ್ ಮಾತ್ರ ಕರೆಯುತ್ತೇವೆ. "ಮಕ್ಕಳೆಷ್ಟು?" ಅನ್ನುವ ಪ್ರಶ್ನೆಯನ್ನು ಕೌಂಟರಿನಿಂದ ತೆಗೆದು ಒಳಗಿನ ರೂಮಿಗೆ ತಂದೆವು. ಬಸುರಿಯರ ತಪಾಸಣೆ ಬೆಳಗ್ಗೆ, ಇವರಿಗೆ ಮಧ್ಯಾಹ್ನ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಫೋನಿನ ವಿಷಯವೂ ಇದೇ. ಫೈಲಿನಲ್ಲಿ ಬರೆದ ನಂಬರ್ ಕೆಲವು ಸಲ ಅತ್ತೆಯದು, ಕೆಲವು ಸಲ ಪಕ್ಕದ ಮನೆಯವರದು. ಯಾರು ಎತ್ತಿದರೆ ಮಾತಾಡಬಹುದು, ಯಾರು ಎತ್ತಿದರೆ "ಆಮೇಲೆ ಮಾಡ್ತೇನೆ" ಅಂತ ಇಟ್ಟುಬಿಡಬೇಕು ಅಂತ ಫೈಲಿನ ಮೇಲೇ ಬರೆದುಕೊಳ್ಳುತ್ತೇನೆ.

ಗಂಡಸರ ಟೆಸ್ಟ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಅದು ಮೊದಲೇ ಆಗಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಹೆಂಗಸಿಗೆ ಗರ್ಭನಾಳ ತೆರೆದಿದೆಯಾ ಅಂತ ನೋಡುವ ಟ್ಯೂಬ್ ಟೆಸ್ಟ್, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವ ಲ್ಯಾಪ್ರೋಸ್ಕೋಪಿ ಎಲ್ಲ ಮುಗಿದು, ಎರಡು ವರ್ಷ ಮಾತ್ರೆ ನುಂಗಿ ಆದ ಮೇಲೆ ಗಂಡನ ಮೊದಲ ವೀರ್ಯ ಪರೀಕ್ಷೆ ಆಗಿರುವ ಫೈಲುಗಳನ್ನು ನೋಡಿದ್ದೇನೆ. ನೋಡಿದಾಗ ಆ ಹೆಂಗಸಿನ ಪರವಾಗಿ ಸಿಟ್ಟು ಬರುತ್ತದೆ. ಗಂಡಸರದ್ದೂ ಕಷ್ಟ ಇದೆ. ಟೆಸ್ಟ್‌ಗೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು, ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ತೋಟದ ಮನೆಯಿಂದ ಒಂದು ಗಂಟೆಯಲ್ಲಿ ಮಡಿಕೇರಿ ಮುಟ್ಟುವುದು ಕನಸು. ಹಾಗಾಗಿ ಆಸ್ಪತ್ರೆಯಲ್ಲೇ ಕೊಡಬೇಕು. ಎಷ್ಟೋ ಕಡೆ ಸಾರ್ವಜನಿಕ ಟಾಯ್ಲೆಟ್ ತೋರಿಸಿ ಕಳಿಸುತ್ತಾರೆ, ಹೊರಗೆ ಜನ ಬಾಗಿಲು ತಟ್ಟುತ್ತಿರುತ್ತಾರೆ. ಒಳಗಿನಿಂದ ಚಿಲಕ ಹಾಕುವ ಒಂದು ಸಣ್ಣ ರೂಮ್ ಕೊಟ್ಟ ಮೇಲೆ, "ಆಗಲ್ಲ" ಅಂತ ವಾಪಸ್ ಹೋಗುವವರು ಬಹಳ ಕಡಿಮೆಯಾದರು. ರಿಪೋರ್ಟ್ ಕಡಿಮೆ ಬಂದರೆ ಅಲ್ಲಿಗೇ ಮುಗಿಯಲಿಲ್ಲ. ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತದೆ. ವೀರ್ಯಾಣು ಹೊಸದಾಗಿ ತಯಾರಾಗಲು ಎರಡೂವರೆ, ಮೂರು ತಿಂಗಳು ಬೇಕು. ಅಷ್ಟು ಬಿಟ್ಟು ಮತ್ತೆ ನೋಡುತ್ತೇವೆ ಅಂದರೆ ಎದುರಿಗೆ ಕೂತವರ ಮುಖ ಸ್ವಲ್ಪ ಸಡಿಲ ಆಗುತ್ತದೆ.

ಹಳೆಯ ರಿಪೋರ್ಟ್ ಕೇಳಿದರೆ "ಅವರು ಕೊಡಲಿಲ್ಲ" ಅನ್ನುವವರು ಬಹಳ. ಅದರಿಂದ ಅದೇ ಟೆಸ್ಟ್ ಮತ್ತೆ, ಅದೇ ದುಡ್ಡು ಮತ್ತೆ. ದಯವಿಟ್ಟು ಇದು ಗೊತ್ತಿರಲಿ. 2002ರ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ಪೇಷಂಟ್ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಐವಿಎಫ್‌ಗೆ ಹೊರಗೆ ಹೋಗುವವರಿಗೂ ಒಂದು ಮಾತು ಹೇಳಿ ಕಳಿಸುತ್ತೇನೆ. 2021ರಲ್ಲಿ ಬಂದ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾಯ್ದೆ ಪ್ರಕಾರ ಸೆಂಟರ್ ನೋಂದಣಿ ಆಗಿರಬೇಕು. ಯಶಸ್ಸಿನ ಸಾಧ್ಯತೆ ಎಷ್ಟು, ಮುಂದೆ ಏನೇನಾಗಬಹುದು ಅಂತ ಕೂರಿಸಿ ಹೇಳುವುದು ಅವರ ಕರ್ತವ್ಯ. ನೋಂದಣಿ ಪತ್ರ ಕೇಳಿ. ಒಟ್ಟು ಖರ್ಚನ್ನು ಇಂಜೆಕ್ಷನ್ ಸೇರಿಸಿ ಬರೆಸಿಕೊಳ್ಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ.

ಗರ್ಭ ಇಳಿದುಹೋದವರ ವಿಷಯದಲ್ಲಿ ನಮ್ಮಲ್ಲಿ ಈಗಲೂ ಪೂರ್ತಿ ಸರಿಯಾಗಿಲ್ಲ. ವಾರ್ಡ್ ಚಿಕ್ಕದು. ಬಾಣಂತಿಯರಿಂದ ದೂರದ ಮಂಚ ಕೊಟ್ಟರೂ ಮಗುವಿನ ಅಳು ಕೇಳುತ್ತದೆ. ಬೆಡ್ ಖಾಲಿ ಇದ್ದರೆ ಮೇಲಿನ ಮಹಡಿಯ ಜನರಲ್ ವಾರ್ಡಿಗೆ ಕಳಿಸುತ್ತೇವೆ. ಅವರು ಮನೆಗೆ ಹೋಗುವ ಮೊದಲು ಒಂದು ಮಾತು ತಪ್ಪದೆ ಹೇಳುತ್ತೇನೆ. ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುವುದಕ್ಕೆ ಹೆಚ್ಚಾಗಿ ಕಾರಣ ಭ್ರೂಣದ ಕ್ರೋಮೋಸೋಮ್ ಸರಿಯಾಗಿ ಕೂಡಿಕೊಳ್ಳದೆ ಇರುವುದು. ಭಾರ ಎತ್ತಿದ್ದು, ಬಸ್ಸಿನಲ್ಲಿ ಕುಲುಕಿದ್ದು, ಪಪ್ಪಾಯ ತಿಂದದ್ದು ಅಲ್ಲ. ಇದನ್ನು ಅತ್ತೆಯ ಎದುರಿಗೇ ಹೇಳುತ್ತೇನೆ, ಸೊಸೆ ಒಪ್ಪಿದರೆ.

ರಿಸಲ್ಟ್ ಹೇಳುವುದನ್ನೂ ಈಗ ಮೊದಲೇ ಕೇಳಿಟ್ಟುಕೊಳ್ಳುತ್ತೇವೆ. ಯಾರಿಗೆ ಹೇಳಲಿ, ಎಷ್ಟು ಹೊತ್ತಿಗೆ? ಒಬ್ಬರು "ಸಂಜೆ 7ರ ಮೇಲೆ, ಅವರು ಮನೆಗೆ ಬಂದಿರ್ತಾರೆ" ಅನ್ನುತ್ತಾರೆ. ಇನ್ನೊಬ್ಬರಿಗೆ ಫೋನೇ ಬೇಡ, ಬಂದೇ ಕೇಳುತ್ತೇನೆ ಅನ್ನುತ್ತಾರೆ. ನೆಟ್‌ವರ್ಕ್ ಸಿಗದ ಊರಿನವರು ವಾರದಲ್ಲಿ ಯಾವ ದಿನ ಪೇಟೆಗೆ ಬರುತ್ತಾರೆ ಅಂತ ಬರೆಸಿಕೊಂಡಿದ್ದೇನೆ. ಮೇ ತಿಂಗಳ ಕೊನೆಗೆ ಚಿಕಿತ್ಸೆಯಲ್ಲಿ ಇರುವವರ ಫೈಲುಗಳನ್ನೆಲ್ಲ ಹರಡಿಕೊಂಡು ಡಾಕ್ಟರ್ ಜೊತೆ ಕೂರುತ್ತೇವೆ. ಯಾರು ಮಳೆಗಾಲ ಬಿಡಬಹುದು, ಯಾರು ಬಿಡಬಾರದು, ಯಾರ ಔಷಧಿ ನಮ್ಮ ಫ್ರಿಜ್‌ನಲ್ಲಿ ಇರಬೇಕು, ಯಾರ ಗಂಡನಿಗೆ ಇನ್ನೂ ಸೂಜಿ ಹಿಡಿಯಲು ಹೇಳಿಕೊಟ್ಟಿಲ್ಲ ಅಂತ ಪಟ್ಟಿ ಮಾಡಿ, ಜೂನ್ ಮೊದಲ ವಾರದೊಳಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಮುಗಿಸುತ್ತೇವೆ.