ಮೋಡ ಕಟ್ಟಿದರೆ ಓಡಬೇಕು

ನಿದ್ದೆ ಬರಲಿಲ್ಲ ಅಂತ ಸುಮ್ನೆ 'ಪ್ರಾಸ್ಪೆಕ್ಟರ್ಸ್' ಹಾಕಿಕೊಂಡೆ. ಒಂದು ಎಪಿಸೋಡ್ ಅಂದುಕೊಂಡಿದ್ದು ನಾಲ್ಕಾಯಿತು. 2013ರಲ್ಲಿ ಅಮೆರಿಕದ ವೆದರ್ ಚಾನೆಲ್‌ನಲ್ಲಿ ಶುರುವಾದ, ಬೆಟ್ಟದಲ್ಲಿ ರತ್ನದ ಕಲ್ಲು ಹುಡುಕುವವರ ರಿಯಾಲಿಟಿ ಶೋ ಇದು. ಹವಾಮಾನದ ಚಾನೆಲ್‌ಗೂ ರತ್ನದ ಕಲ್ಲಿಗೂ ಎಲ್ಲಿಯ ನಂಟು ಅಂತ ಮೊದಲು ನಗು ಬಂತು. ನೋಡ್ತಾ ನೋಡ್ತಾ ಗೊತ್ತಾಯಿತು, ಇಲ್ಲಿ ವಿಲನ್ನೇ ಸಿಡಿಲು. ಕೊಲೊರಾಡೊದ ಮೌಂಟ್ ಆಂಟೆರೊ 14,000 ಅಡಿಗಿಂತ ಎತ್ತರ, ಮೇಲೆ ಒಂದು ಮರವೂ ಇಲ್ಲ, ಹಿಮ ಕರಗಿದ ಕೆಲವೇ ತಿಂಗಳು ಅಗೆಯಬಹುದು, ಅದರಲ್ಲೂ ಮಧ್ಯಾಹ್ನ ಮೋಡ ಕಟ್ಟಿತು ಅಂದರೆ ಆ ಬೋಳು ಬೆಟ್ಟದಲ್ಲಿ ಹಾರೆ ಹಿಡಿದು ನಿಂತವನೇ ಸಿಡಿಲಿಗೆ ಮೊದಲ ಗುರಿ!

ಅವರು ಹುಡುಕುವುದು ಅಕ್ವಾಮರೀನ್ ಅನ್ನೋ ನೀಲಿ ರತ್ನ. ಪಚ್ಚೆಯೂ ಇದೂ ಒಂದೇ ಖನಿಜ, ಬೆರಿಲ್. ಇದಕ್ಕೆ ನೀಲಿ ಬರುವುದು ಒಂಚೂರು ಕಬ್ಬಿಣದಿಂದ. ಬಂಡೆಯೊಳಗೆ ಪೊಳ್ಳು ಸಿಕ್ಕಿದ ಕೂಡಲೇ ಸುತ್ತಿಗೆ ಬದಿಗಿಟ್ಟು ಬೆರಳಲ್ಲೇ ಮಣ್ಣು ಕೆದಕುತ್ತಾರೆ, ಹರಳು ಒಡೆದರೆ ಬೆಲೆ ಹೋಯಿತಲ್ವಾ.

ಜಗಳ, ಬ್ರೇಕಿಗೆ ಮುಂಚಿನ ಆ ಢಂ ಢಂ ಸಂಗೀತ, ಇವೆಲ್ಲ ಜಾಸ್ತಿಯೇ ಆಯಿತು. ಆದರೆ ಕೆಸರು ಒರೆಸಿದಾಗ ನೀಲಿ ಇಣುಕುವ ಎರಡು ಸೆಕೆಂಡು ಇದೆಯಲ್ಲ, ಆಗ ಗಡ್ಡದ ಗಂಡಸರೂ ಚಿಕ್ಕ ಮಕ್ಕಳ ಹಾಗೆ ಕೂಗುತ್ತಾರೆ. ಕೋಟ್ಯಂತರ ವರ್ಷ ಕತ್ತಲಲ್ಲೇ ಇದ್ದ ಬಣ್ಣ ಅದು, ಯಾರೂ ನೋಡದಿದ್ದಾಗಲೂ ನೀಲಿಯಾಗಿಯೇ ಇತ್ತಾ ಅಂತ ಒಂದು ಪೆದ್ದು ಪ್ರಶ್ನೆ ತಲೆಗೆ ಬಂತು. ಅಷ್ಟರಲ್ಲಿ ಐದನೇ ಎಪಿಸೋಡ್ ತಾನಾಗಿಯೇ ಶುರುವಾಗಿಬಿಟ್ಟಿತು.