ಪಿಯುಸಿ ಓದೋ ಮಗಳಿಗೆ ತೂಕ ಇಳಿಸೋ ಆಪರೇಷನ್ ಮಾಡಿಸಬಹುದಾ?

ಮೈಸೂರಿನಲ್ಲಿ ಮಕ್ಕಳ ಕೌನ್ಸೆಲಿಂಗ್ ಮಾಡುವ ನನ್ನನ್ನು ಮದುವೆಮನೆಯಲ್ಲೂ ಬಿಡದೆ ಕೇಳುವ ಪ್ರಶ್ನೆ ಇದು. ಮಾಡಿಸಬಹುದು. ಆದರೆ ಮೊದಲು ಅವಳನ್ನು ಕೇಳಿದ್ದೀರಾ? ನೀವು ಪಕ್ಕದಲ್ಲಿ ಇಲ್ಲದಿದ್ದಾಗ?

ವಯಸ್ಸಿನ ಮಾತು ಬೇಗ ಮುಗಿಸುತ್ತೇನೆ. 13 ತುಂಬಿದ, ತೂಕ ತೀರಾ ಜಾಸ್ತಿ ಇರುವ ಮಕ್ಕಳನ್ನು ಇದಕ್ಕಾಗಿ ತಪಾಸಣೆಗೆ ಕಳಿಸಬಹುದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ ಹೇಳಿತು. ಸುಮಾರಾಗಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 35 ದಾಟಿ ಶುಗರ್, ಬಿಪಿಯಂಥ ತೊಂದರೆ ಇರಬೇಕು, ಇಲ್ಲವೇ 40 ದಾಟಿರಬೇಕು. ಸ್ವಲ್ಪ ಗುಂಡಗಿದ್ದಾಳೆ ಅಂತ ಸುಮ್ನೆ ಮಾಡಿಸುವುದಲ್ಲ. ಇದರಲ್ಲೇ ಒಂದು ಬಗೆಯಾದ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲು ತೆಗೆದುಬಿಡುತ್ತಾರೆ. ಮತ್ತೆ ಜೋಡಿಸಲು ಆಗುವುದಿಲ್ಲ.

ಮಂಡ್ಯ ಕಡೆಯ ಒಬ್ಬಳು ಬಂದಿದ್ದಳು. ಏನು ಕೇಳಿದರೂ ಅಮ್ಮನದೇ ಉತ್ತರ. ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಅಮ್ಮನನ್ನು ಕಾಫಿಗೆ ಕಳಿಸಿದೆ. "ಡಿಗ್ರಿ ಮುಗಿಯೋದ್ರೊಳಗೆ ಗಂಡು ನೋಡ್ಬೇಕಂತೆ ಮೇಡಂ, ಅದಕ್ಕೇ ಇದು" ಅಂದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ನಿಂತು ತಿನ್ನುತ್ತಾಳೆ ಅನ್ನುವುದೂ ಆಗಲೇ ಗೊತ್ತಾಗಿದ್ದು. ಮೊದಲು ನೋಡಬೇಕಾದದ್ದು ಅದನ್ನು. ಸ್ವೀಡನ್‌ನಲ್ಲಿ ಆಪರೇಷನ್ ಆದ 81 ಮಕ್ಕಳನ್ನು 5 ವರ್ಷ ಗಮನಿಸಿದರು. ತೂಕ ಇಳಿದಿತ್ತು, ತಮ್ಮ ಬಗ್ಗೆ ತಮಗೇ ಸ್ವಲ್ಪ ಮೆಚ್ಚುಗೆ ಬಂದಿತ್ತು. ಮನಸ್ಸಿನ ಕಾಯಿಲೆಗೆ ಔಷಧಿ ತಗೊಳ್ಳುವುದು ಮಾತ್ರ ತಗ್ಗಿರಲಿಲ್ಲ.

ಇನ್ನು ಆಪರೇಷನ್ ಆದ ಮೇಲಿನ ಊಟ. ಚೆನ್ನಾಗಿ ಅಗಿದು ತಿನ್ನಬೇಕು, ಜೊತೆಗೆ ನೀರು ಕುಡಿಯಬಾರದು ಅನ್ನುತ್ತಾರೆ. ನಾವು ಮುದ್ದೆ ಅಗಿಯುತ್ತೇವಾ? ನುಂಗುವುದು ತಾನೇ! ಬೀಗರೂಟದಲ್ಲಿ ನಿಂಬೆಹಣ್ಣಿನಷ್ಟು ತಿಂದು ಎದ್ದರೆ ಸೋದರತ್ತೆ ಬಿಡುತ್ತಾರಾ? "ಯಾಕ್ ಮಗ, ನಮ್ಮನೆ ಬಾಡು ರುಚಿಯಾಗಿಲ್ವಾ?" ಆಪರೇಷನ್ ವಿಷಯವನ್ನೇ ಮುಚ್ಚಿಟ್ಟಿದ್ದರೆ ಅವಳು ಏನಂತ ಹೇಳಬೇಕು? ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ ಬೇಕು. ಅವನ್ನೂ ಹಾಸ್ಟೆಲ್‌ನಲ್ಲಿ ಕದ್ದು ನುಂಗಬೇಕಾ?

ಇನ್ನೊಂದಿದೆ. ಆಪರೇಷನ್ ಆದ ಮೇಲೆ ಒಂದು, ಒಂದೂವರೆ ವರ್ಷ ಬಸಿರು ಬೇಡ ಅನ್ನುತ್ತಾರೆ ಡಾಕ್ಟರು. ಮದುವೆಗೆ ಅಂತಲೇ ಮಾಡಿಸಲು ಬರುವವರಿಗೆ ನಾನು ಇದನ್ನು ಹೇಳಿದಾಗ ಒಂದು ಕ್ಷಣ ಮಾತೇ ಇರುವುದಿಲ್ಲ.

ಆ ಹುಡುಗಿ ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಆಪರೇಷನ್ ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಹೋದ ಸಲ ನಾನು ಹೇಳುವ ಮೊದಲೇ ಅಮ್ಮ ಎದ್ದು ಕಾಫಿಗೆ ಹೋದರು.